ಆಯ್ತು ಅನ್ನುವ ಊಟ

ಗೈಡ್ ಎದುರಿಗೆ ಕೂರಲು ಯಾವ ವಿದ್ಯಾರ್ಥಿಗಾದರೂ ಅಳುಕು ಇದ್ದದ್ದೇ. ಆದರೆ ತಾನೇ ಮೂಗು ಒರೆಸಿ, ತಾನೇ ಚಡ್ಡಿ ಬದಲಿಸಿದ ಕೂಸು ಗೈಡಾಗಿ ಎದುರಿಗೆ ಕೂತರೆ ಏನು ಮಾಡಬೇಕೆಂದು ಯಾವ ವಿಶ್ವವಿದ್ಯಾಲಯವೂ ನಿಯಮ ಬರೆದಿಲ್ಲ. ಅದಕ್ಕೇ ವನಜಮ್ಮ ತುಮಕೂರಿನ ಆ ಕಾಲೇಜಿನ ಕೋಣೆಗೆ ಬಂದಾಗಲೆಲ್ಲ ನಿಂತೇ ಇರುತ್ತಿದ್ದರು.

"ಕೂತ್ಕೊಳ್ಳಿ ಮಿಸ್," ಅನ್ನುವಳು ಇಂಪನಾ.

"ಪರ್ವಾಗಿಲ್ಲ ಮೇಡಂ," ಅನ್ನುವರು ವನಜಮ್ಮ.

ವನಜಮ್ಮ ಚೇಳೂರಿನ ಅಂಗನವಾಡಿ ಟೀಚರು, ಊರಿಗೆಲ್ಲ ಮಿಸ್ಸು. ಅವರ ಕೈಯಲ್ಲಿ ಕಲಿತವಳು ಇಂಪನಾ. ಕಲಿತವಳು ಅನ್ನುವುದಕ್ಕಿಂತ ಉಣ್ಣದೆ ಸತಾಯಿಸಿದವಳು ಅಂದರೆ ಸರಿ. ಉಪ್ಪಿಟ್ಟಿನ ತುತ್ತನ್ನು ಕೆನ್ನೆಯೊಳಗೆ ಅಡಗಿಸಿಟ್ಟುಕೊಂಡು "ಆಯ್ತು ಮಿಸ್" ಅನ್ನುವುದರಲ್ಲಿ ಆ ಕೂಸು ಪ್ರಚಂಡೆ. ವನಜಮ್ಮನೇನು ಕಡಿಮೆಯೇ? ಗಲ್ಲ ಹಿಡಿದು "ಬಾಯಿ ತೆಗಿ, ನೋಡೋಣ" ಅನ್ನುತ್ತಿದ್ದರು. ನುಂಗುವ ತನಕ ಬಿಟ್ಟವರಲ್ಲ. ಈಗ ನೋಡಿ, ಕೂಸು ಪಿಎಚ್.ಡಿ. ಮುಗಿಸಿ ಸಮಾಜಶಾಸ್ತ್ರ ಹೇಳಿಕೊಡುತ್ತಾಳೆ, ಮಿಸ್ಸು ಐವತ್ತರ ಹತ್ತಿರ ಬಂದು ಅಂಚೆ ಶಿಕ್ಷಣದಲ್ಲಿ ಎಂ.ಎ. ಓದುತ್ತಾರೆ.

ಬಿ.ಎ. ಮುಗಿಯುತ್ತಲೇ ವನಜಮ್ಮನ ಕೊರಳಿಗೆ ತಾಳಿ ಬಿದ್ದಿತ್ತು. ಎಂ.ಎ. ಮಾಡುವ ಆಸೆಯನ್ನು ಅವರು ಯಾರಿಗೂ ಹೇಳದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು. ಪರೀಕ್ಷೆಗಳೆಲ್ಲ ಪಾಸಾಗಿ, ಉಳಿದದ್ದು ಕಿರುಪ್ರಬಂಧ ಒಂದೇ. ಹೋದ ವರ್ಷ ಅತ್ತೆ ಬಿದ್ದು ಕಾಲು ಮುರಿದುಕೊಂಡಾಗ ಅದೂ ತಪ್ಪಿಹೋಯಿತು. ಈ ಮಾರ್ಚಿನೊಳಗೆ ಗೈಡ್ ಸಹಿ ಬೀಳದಿದ್ದರೆ ನೋಂದಣಿಯೇ ರದ್ದು. ಮತ್ತೆ ಮೊದಲಿನಿಂದ ಓದುವ ಶಕ್ತಿ ತನಗಿಲ್ಲವೆಂದು ವನಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ವಿಷಯವನ್ನು ಅವರೇ ಆರಿಸಿಕೊಂಡಿದ್ದರು. ಅಡಿಕೆ ಸುಲಿಯುವುದಕ್ಕೆ, ತೋಟದ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಮನೆಯಲ್ಲಿ ಯಾವಾಗ ಉಣ್ಣುತ್ತಾರೆ, ಯಾರ ಜೊತೆ ಉಣ್ಣುತ್ತಾರೆ, ಏನು ಉಣ್ಣುತ್ತಾರೆ ಅನ್ನುವುದು. ಚೇಳೂರಿನ ಬೀದಿ ಬೀದಿ ಸುತ್ತಿ, ಉತ್ತರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು, ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಿದ್ದರು.

ಇಂಪನಾ ಓದುತ್ತಾ ಓದುತ್ತಾ ತಲೆಯೆತ್ತಿದಳು. "ಮಿಸ್, ಇವರೆಲ್ಲ ಮನೆಯವ್ರ ಜೊತೆ ಕೂತು ಊಟ ಮಾಡ್ತಾರಾ?"

"ಹೂಂ ಮೇಡಂ."

"ದಿನಾ ಸೊಪ್ಪು?"

"ಹೂಂ."

"ಮೊಟ್ಟೆ?"

ವನಜಮ್ಮ ಹೆಮ್ಮೆಯಿಂದ ತಲೆಯಾಡಿಸಿದರು. ಇಂಪನಾ ವನಜಮ್ಮನ ಮೊಬೈಲು ತೆಗೆದುಕೊಂಡು ಒಂದು ಧ್ವನಿಯನ್ನು ಹಾಕಿದಳು. ಉತ್ತರವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಆ ಹೆಂಗಸು ಮೆಲ್ಲಗೆ ಕೇಳಿದ್ದಳು: "ಸರಿಯಾಗ್ ಹೇಳಿದ್ನಾ ಮಿಸ್?"

ಇಂಪನಾ ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಇದು ನೀವು ತಾಯಂದಿರ ಸಭೇಲಿ ಮಾಡೋ ಪಾಠ ಮಿಸ್. ಒಂದಕ್ಷರ ಬಿಡದೆ ಒಪ್ಸಿದಾರೆ," ಅಂದಳು ಇಂಪನಾ.

"ಅಂದ್ರೆ? ನಮ್ಮೂರ್ ಹೆಣ್ಮಕ್ಳು ಸುಳ್ಳು ಹೇಳ್ತಾರೆ ಅಂತಾನಾ?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಹೇಳಿದಾರೆ. ಅವ್ರ ಮಕ್ಕಳನ್ನ ತೂಕ ಹಾಕೋರು ನೀವು, ರೇಷನ್ ಕೊಡೋರು ನೀವು, ಬೈಯೋರೂ ನೀವೇ. ನಿಮ್ಮ ಮುಂದೆ ಇನ್ನೇನು ಹೇಳ್ತಾರೆ? ಯಾರಿಗೂ ನೀವು ಮಿಸ್ ಅಂತ ಗೊತ್ತಿಲ್ಲದ ಊರಲ್ಲಿ ಕೇಳ್ಬೇಕು. ಇದಕ್ಕೆ ನಾನು ಸಹಿ ಹಾಕೋಕಾಗಲ್ಲ ಮಿಸ್."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚೇಳೂರಿನ ತನಕ ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ ವನಜಮ್ಮ, ಗುಬ್ಬಿ ದಾಟುವಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಎಷ್ಟು ಸಲವೋ. ಉಪ್ಪಿಟ್ಟು ಕೆನ್ನೆಯಲ್ಲಿ ಅಡಗಿಸುತ್ತಿದ್ದ ಹುಡುಗಿ ನನಗೇ ಪಾಠ ಹೇಳುತ್ತಾಳಲ್ಲ ಅನ್ನುವ ಸಿಟ್ಟು. ಅವಳು ಹೇಳಿದ್ದು ನಿಜವಲ್ಲ ಅನ್ನಲು ಆಗುತ್ತಿಲ್ಲವಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಸಿಟ್ಟು.

ಮನೆಯಲ್ಲಿ ಗಂಡ ಸಿದ್ದಯ್ಯ ಮುದ್ದೆ ಮುರಿಯುತ್ತಾ ಎಲ್ಲ ಕೇಳಿಸಿಕೊಂಡ. "ಬುಡು ಅತ್ಲಾಗೆ. ಈ ವಯಸ್ಸಲ್ಲಿ ಯಾಕ್ ಬೇಕಿತ್ತು ನಿಂಗೆ? ಇನ್ನೊಸಿ ಸಾರು ಬುಡು."

"ಯಾವ್ದನ್ನ ಬುಡ್ಲಿ, ಓದೋದನ್ನೋ ಸಾರನ್ನೋ?" ಎಂದು ಮುಖ ಗಂಟು ಹಾಕಿಕೊಂಡೇ ಸಾರು ಬಡಿಸಿದರು. ಅತ್ತೆಗೆ ಮೆತ್ತಗೆ ಕಲಸಿ ಕೊಟ್ಟರು. ಮಗನ ತಟ್ಟೆಗೆ ಪಲ್ಯ ಹಾಕಿದರು. ಆಮೇಲೆ ಒಲೆಯ ಪಕ್ಕ ನಿಂತುಕೊಂಡೇ ಪಾತ್ರೆಯ ತಳ ಕೆರೆದು ಎರಡು ತುತ್ತು ತಿಂದು, ಬೆಳಿಗ್ಗೆ ಕುಣಿಗಲ್ ಕಡೆಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಯೋಚಿಸುತ್ತಾ ಪಾತ್ರೆ ತೊಳೆದರು.

ಕುಣಿಗಲ್ಲಿನಿಂದ ಆಚೆ ಮಾರ್ಕೋನಹಳ್ಳಿ. ಅಣೆಕಟ್ಟಿನ ನೀರಿನ ಕೆಳಗೆ ಗದ್ದೆ, ತೋಟ ಮಾಡುವ ಊರು. ಅಲ್ಲಿ ವನಜಮ್ಮನನ್ನು ಬಲ್ಲವರು ಒಬ್ಬರೂ ಇಲ್ಲ. ಮಿಸ್ಸನ್ನು ಚೇಳೂರಿನಲ್ಲೇ ಬಿಟ್ಟು ಬಂದೆ ಅಂದುಕೊಂಡು ಅವರು ಬಸ್ಸಿಳಿದರು. ಆದರೆ ಮಿಸ್ಸು ಬಿಡಬೇಕಲ್ಲ, ಟಿಕೆಟ್ಟಿಲ್ಲದೆ ಜೊತೆಗೇ ಬಂದಿದ್ದಳು! ಮೊದಲನೆಯ ಮನೆಯಲ್ಲೇ ಮಗುವಿನ ಕೈ ಹಿಡಿದು, "ಇದೇನಮ್ಮ ಉಗುರು, ಇಷ್ಟುದ್ದ ಬಿಟ್ಟಿದೀಯಲ್ಲ?" ಎಂದು ಗದರಿಬಿಟ್ಟರು. ತಾಯಿ ಮಗುವನ್ನು ಎಳೆದುಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಯಾವುದೋ ಆಫೀಸಿನವರು ಬಂದವ್ರೆ ಅನ್ನುವ ಸುದ್ದಿ ವನಜಮ್ಮನಿಗಿಂತ ಮೊದಲು ಬೀದಿಯ ಕೊನೆ ಮುಟ್ಟಿತು. ಹೋದಲ್ಲೆಲ್ಲ ಒಂದೇ ಮಾತು: "ನಾವೆಲ್ಲ ಚೆನ್ನಾಗಿದೀವಿ ಮೇಡಂ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ತಲೆ ಸುತ್ತಿ ಬಂತು. ಒಂದು ಮನೆಯ ಜಗಲಿಯ ಮೇಲೆ ಕುಸಿದು ಕೂತರು. ಅಲ್ಲಿ ಒಬ್ಬ ಹೆಂಗಸು ಅವರೆಕಾಳು ಹಿತುಕುತ್ತಾ ಕೂತಿದ್ದಳು. ಹೆಸರು ನರಸಿಂಹಮ್ಮ.

"ಯಾವೂರವ್ವ? ಉಂಡ್ಯಾ?"

"ಆಯ್ತು ಕಣಮ್ಮ, ಆಯ್ತು."

ಅಂದವರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಕತ್ತಲಿರುವಾಗಲೇ ಎದ್ದು ಎಲ್ಲರಿಗೂ ತಿಂಡಿ ಮಾಡಿಟ್ಟು ಬಸ್ಸಿಗೆ ಓಡಿದವರ ಹೊಟ್ಟೆಗೆ ಬಿದ್ದಿದ್ದದ್ದು ಅರ್ಧ ಲೋಟ ಕಾಫಿ. ಈ ಹೆಂಗಸು ಯಾವ ಆಫೀಸರೂ ಅಲ್ಲ, ಮಿಸ್ಸೂ ಅಲ್ಲ. ಮತ್ತೆ ಯಾರಿಗೆ ಹೆದರಿ ಆಯ್ತು ಅಂದೆ?

ನರಸಿಂಹಮ್ಮ ವನಜಮ್ಮನ ಮುಖವನ್ನೇ ನೋಡಿದಳು. "ಬಾಯೆಲ್ಲ ಒಣಗೋಗದೆ, ಆಯ್ತಂತೆ! ಎದ್ದೇಳು. ನಂದೂ ಆಗಿಲ್ಲ."

ಮಡಕೆಯಲ್ಲಿ ಉಳಿದಿದ್ದದ್ದು ಒಂದೇ ಮುದ್ದೆ. ನರಸಿಂಹಮ್ಮ ಅದನ್ನು ಎರಡು ಮಾಡಿ, ದೊಡ್ಡದನ್ನು ವನಜಮ್ಮನ ತಟ್ಟೆಗೆ ಹಾಕಿ, ಬಸ್ಸಾರು ಸುರಿದಳು. ಇಬ್ಬರೂ ನೆಲದ ಮೇಲೆ ಕೂತು ಉಂಡರು. ಚೀಲದಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ವನಜಮ್ಮ ಹೊರಗೆ ತೆಗೆಯಲಿಲ್ಲ.

"ದಿನಾ ಇಷ್ಟೊತ್ತಿಗಾ ಉಣ್ಣೋದು?"

"ಇನ್ನೇನು? ಎಲ್ರುದೂ ಆಗಿ, ಉಳುದ್ರೆ ನಂದು. ಯಾರಾದ್ರೂ ಕೇಳುದ್ರೆ ಆಯ್ತು ಅನ್ನೋದಪ್ಪ. ಆಗಿಲ್ಲ ಅಂದ್ರೆ ಮನೆ ಮರ್ವಾದಿ ಹೋಗಲ್ವಾ?"

ಇಬ್ಬರೂ ನಕ್ಕರು. ವನಜಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುದ್ದೆ ಬಿಸಿಯಾಗಿದೆ ಎಂದು ನೆಪ ಹೇಳಿದರು. ಅದು ತಣ್ಣಗಾಗಿ ಎಷ್ಟು ಹೊತ್ತಾಗಿತ್ತೋ.

ಅಲ್ಲಿಂದಾಚೆಗೆ ಅವರು ರಜೆ ಸಿಕ್ಕಾಗಲೆಲ್ಲ ಮಾರ್ಕೋನಹಳ್ಳಿಗೆ ಹೋದರು. ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟರು. ನಮ್ಮ ಸೀಮೆಯಲ್ಲಿ ಅದು ಪ್ರಶ್ನೆಯೇ ಅಲ್ಲವಲ್ಲ, ನಮಸ್ಕಾರ ಇದ್ದ ಹಾಗೆ. ನಮಸ್ಕಾರಕ್ಕೆ ನಮಸ್ಕಾರ, ಊಟ ಆಯ್ತಾ ಅಂದರೆ ಆಯ್ತು. ಅದರ ಬದಲು ಜಗಲಿಯ ಮೇಲೆ ಕೂತು, ತಾವೂ ಅವರೆಕಾಳು ಹಿತುಕುತ್ತಾ, "ನಿಮ್ಮನೇಲಿ ಮುದ್ದೆ ಕಡಿಮೆ ಬಿದ್ರೆ ಯಾರಿಗೆ ಬೀಳುತ್ತೆ?" ಎಂದು ಕೇಳಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರೇ ಹೇಳತೊಡಗಿದರು.

ಮಾರ್ಚಿನ ಬಿಸಿಲಿನಲ್ಲಿ ವನಜಮ್ಮ ಮತ್ತೆ ತುಮಕೂರಿನ ಆ ಕೋಣೆಯಲ್ಲಿ ನಿಂತಿದ್ದರು. ಇಂಪನಾ ಹಾಳೆಗಳನ್ನು ಒಂದೊಂದಾಗಿ ಓದಿದಳು. ಚೇಳೂರಿನ ಉತ್ತರಗಳನ್ನು ವನಜಮ್ಮ ಎಸೆದಿರಲಿಲ್ಲ. ಅವನ್ನೂ ಸೇರಿಸಿ, ಕೆಳಗೆ ಬರೆದಿದ್ದರು: "ಕೇಳಿದವಳು ಇವರ ಮಿಸ್ಸು. ಆದ್ದರಿಂದ ಇವು ಮಿಸ್ಸಿಗೆ ಕೊಟ್ಟ ಉತ್ತರಗಳು." ಆ ಸಾಲಿನ ಹತ್ತಿರ ಇಂಪನಾಳ ಬೆರಳು ತುಂಬಾ ಹೊತ್ತು ನಿಂತಿತು.

"ತುಂಬಾ ಚೆನ್ನಾಗ್ ಬಂದಿದೆ ಮಿಸ್," ಎಂದು ಇಂಪನಾ ಪೆನ್ನಿನ ಕ್ಯಾಪು ತೆಗೆದಳು. ಸಹಿ ಹಾಕಲು ಬಗ್ಗಿದವಳು, ಎಲ್ಲರೂ ವಾಡಿಕೆಗೆ ಕೇಳುವ ಹಾಗೆ, ಸುಮ್ಮನೆ ಕೇಳಿದಳು: "ಊಟ ಆಯ್ತಾ ಮಿಸ್?"

"ಆಯ್ತು ಮೇಡಂ."

ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. ಇಂಪನಾ ಮೆಲ್ಲಗೆ ತಲೆಯೆತ್ತಿದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅಷ್ಟು ಪುಟ ಬರೆದವರ ಬಾಯಿಂದಲೇ ಅದೇ ಆಯ್ತು! ಇಂಪನಾ ಎದ್ದು ಮೇಜು ಸುತ್ತಿ ಬಂದು, ಗಂಭೀರವಾಗಿ ಎದುರು ನಿಂತಳು.

"ಬಾಯಿ ತೆಗೀರಿ ಮಿಸ್, ನೋಡೋಣ."

ವನಜಮ್ಮನಿಗೆ ಮೊದಲು ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿ, ಇದುವರೆಗೆ ಒಮ್ಮೆಯೂ ಕೂರದ ಆ ಕುರ್ಚಿಯ ಮೇಲೆ ಕೂತುಬಿಟ್ಟರು.

"ಇಲ್ಲ ಕಣೇ ಇಂಪನಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೇ."

ಇಂಪನಾ ಪೆನ್ನಿಗೆ ಕ್ಯಾಪು ಹಾಕಿ ಪಕ್ಕಕ್ಕಿಟ್ಟಳು. ಬ್ಯಾಗಿನಿಂದ ತನ್ನ ಊಟದ ಡಬ್ಬಿ ತೆಗೆದು, ಚಿತ್ರಾನ್ನವನ್ನು ಅವರ ಮುಂದೆ ಸರಿಸಿ, ತಾನೂ ಪಕ್ಕದಲ್ಲಿ ಕೂತಳು. ಸಹಿ ಬಿದ್ದದ್ದು ಡಬ್ಬಿ ಖಾಲಿಯಾದ ಮೇಲೆ.