ಅಕ್ಕಿಕಾಳಿನಷ್ಟು ಸಾಕು

ನಿಂತುಬಿಟ್ಟಿತು, ಇಪ್ಪತ್ತು ಎಣಿಸುವಷ್ಟರಲ್ಲಿ ಬಿಂದು ಕೂಡಿಸಿದ ಕಂಪ್ಯೂಟರಿನ ಒಳಗಿನ ಫ್ಯಾನು ನಿಂತುಬಿಟ್ಟಿತು, ಪರದೆಯ ಮೇಲೆ ಮೂಡಿದ್ದ ನಾಲ್ಕು ಬಿಳಿ ಅಕ್ಷರಗಳು ಬಾವಿಗೆ ಬಿದ್ದ ಕಲ್ಲಿನಂತೆ ಮುಳುಗಿದವು, ಕಪ್ಪು ಗಾಜಿನಲ್ಲಿ ಈಗ ಕಾಣುವುದು ಬಿಂದುವಿನ ಮುಖ, ಅದರ ಹಿಂದೆ ಅಜ್ಜಿಯ ಹಣೆ, ಹಣೆಯ ಮೇಲಿನ ಮೂರು ಬಿಳಿ ಗೆರೆ — ಕುರ್ಚಿ ಎಳೆದ ಸದ್ದು, ಭೋಜರಾಜ ಮಾಮಾ, ಗಿಂಡಿ ಬಡಾವಣೆಯ ಆಫೀಸಿನಲ್ಲಿ ನಲವತ್ತು ಕಂಪ್ಯೂಟರು ನೋಡಿಕೊಳ್ಳುವ ಮಾಮಾ ಅಪ್ಪನತ್ತ ತಿರುಗಿ, ನಾ ಹೇಳಿದ್ನೆಲ್ಲೋ ಮುರಿಗೆಪ್ಪಾ, ಬಿಡಿ ಸಾಮಾನು ತಂದು ಕೂಡಿಸೂದಂದ್ರ ರೊಟ್ಟಿ ಬಡದಂಗಲ್ಲ, ಟಿ. ನಗರದಾಗ ಕಂಪನೀದು ಸಿಗತಿತ್ತು, ಅಪ್ಪ ಗಡಿಯಾರ ನೋಡುತ್ತಾರೆ, ರೈಲ್ವೆಯವರು, ಆಡಿದ ಮಾತೂ ಗಾಡಿಯ ಹೊತ್ತೂ ತಪ್ಪಬಾರದು ಎನ್ನುವವರು, ದೀಪ ಹಚ್ಚೂದ್ರೊಳಗ ನಡದ್ರ ನಿಂದು, ಇಲ್ಲಂದ್ರ ನಾಳೆ ಎಲ್ಲಾ ಹೊಳ್ಳಿ ಅಂಗಡಿಗೆ, ಆಮ್ಯಾಲೆ ಮಾಮಾ ಹೇಳಿದ್ದು ತರೂದು. ಮಾಮಾ ಹೇಳಿದ ಪೆಟ್ಟಿಗೆಯಲ್ಲಿ ಕಾಗದ ಟೈಪು ಮಾಡಬಹುದು, ಅಜ್ಜಿಯ ಕಥೆ ಹಿಡಿಸುವುದಿಲ್ಲ, ಹನ್ನೊಂದು ಕ್ಯಾಸೆಟ್ಟಿನ ತುಂಬ ಅಜ್ಜಿ ಬಸವಣ್ಣೆಮ್ಮ ಕೂತು ಹೇಳಿದ ಕಥೆಗಳು, ಕತ್ತರಿಸಿ, ಜೋಡಿಸಿ, ನಡುನಡುವೆ ತಾನೇ ಬರೆದ ಚಿತ್ರ ಓಡಿಸಬೇಕು, ಮತ್ತೆ, ಶಿವನ ಮುಂದೆ ಸುಳ್ಳೇಕೆ, ಕಾರು ಓಡಿಸುವ ಆಟವನ್ನೂ ಆಡಬೇಕು.

ಮೂರು ಶನಿವಾರ ಬಿಡಿ ಸಾಮಾನು ಮಾರುವ ರಿಚಿ ಸ್ಟ್ರೀಟಿನಲ್ಲಿ ಸುತ್ತಿದ್ದು ಸುಳ್ಳೇ, ಬರೆದು ಹೊಡೆದು ಬರೆದು ಕೈಬೆವರಿಗೆ ಮೆತ್ತಗಾದ ಆ ಪಟ್ಟಿ, ಪರದೆ ಚಿಕ್ಕದಿರಲಿ ಮೆಮೊರಿ ದೊಡ್ಡದಿರಲಿ, ಸ್ಪೀಕರ್ ಬೇಡ, ಅದರ ಬದಲು ಗ್ರಾಫಿಕ್ಸ್ ಕಾರ್ಡು, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಹಗುರ ಪವರ್ ಸಪ್ಲೈ ಬೇಡವೇ ಬೇಡ, ಆ ಭಾರದ್ದು ಕೊಡಿ ಎಂದಾಗ ಅಂಗಡಿಯ ಅಣ್ಣಾಚಿ ಕನ್ನಡಕ ಏರಿಸಿ ನೋಡಿದ್ದ, ಯಾರಮ್ಮಾ ಉನಕ್ಕು ಸೊನ್ನದು, ಯಾರು ಹೇಳಿಕೊಟ್ಟರೆಂದರೆ ಏನೆನ್ನಲಿ, ಅಜ್ಜಿಯ ಕಥೆಯ ರಾಜಕುಮಾರಿ ಜೂಲು ನೋಡಿ ಕುದುರೆ ಆರಿಸಲಿಲ್ಲ, ಗೊರಸು ಎತ್ತಿ ನೋಡಿ ಆರಿಸಿದಳು. ಗೊರಸು ಗಟ್ಟಿಯಿದೆ, ಹಾಗಾದರೆ ಕುದುರೆ ಕುಸಿದದ್ದೇಕೆ — ಆ ಪೊಟ್ಟಣ, ಪ್ರೊಸೆಸರಿನ ನೆತ್ತಿಗೆ ಹಚ್ಚುವ ಬಿಳಿ ಮುಲಾಮು, ಕಾವು ಇಳಿಸುವಂಥದ್ದು, ಅರಿಸಿ ಅಳವು ಪೋದುಮ್ಮಾ, ಅಕ್ಕಿಕಾಳಿನಷ್ಟು ಸಾಕು ಎಂದು ಅಣ್ಣಾಚಿ ಉಗುರು ತೋರಿಸಿದ್ದ, ಮನೆಗೆ ತಂದ ಹೊಸ ವಸ್ತು ಮೊದಲು ದೇವರ ಜಗಲಿಗೆ ಎಂದು ಅಪ್ಪ ಎಲ್ಲವನ್ನೂ ಅಲ್ಲಿ ಸಾಲಾಗಿ ಇಡಿಸಿದರು, ಬೆಳಿಗ್ಗೆ ನೋಡಿದರೆ ಪೊಟ್ಟಣವಿಲ್ಲ, ಅಂಗಡಿಯಲ್ಲೇ ಉಳಿಯಿತೇನೋ, ಅದಿಲ್ಲದೆಯೂ ನಡೆದೀತು ಎಂದುಕೊಂಡೆಯಲ್ಲ ಬಿಂದೂ, ಮಾಮಾನ ಎದುರು ಇಲ್ಲವೆನ್ನಲು ನಾಚಿಕೆಯಾಯಿತಲ್ಲ, ಕಾವು ತಲೆಗೇರಿದ್ದು ಯಂತ್ರಕ್ಕೆ ಮಾತ್ರವಲ್ಲ.

ಕಿಟಕಿಯಾಚೆ ಪೆರಂಬೂರಿನ ಆಕಾಶ ಕೆಂಪಾಗುತ್ತಿದೆ, ಅಜ್ಜಿ ಬತ್ತಿ ಹೊಸೆಯುತ್ತ ಹಣೆ ಮುಟ್ಟಿಕೊಳ್ಳುತ್ತಾಳೆ, ಯಾಕವ್ವಾ ಮಾರಿ ಸಣ್ಣದು ಮಾಡೀದಿ, ಶಿವಾ ಅನ್ನು, ಈ ವಿಭೂತಿ ನೋಡು, ಮುಂಜಾನಿಂದ ಆರವಲ್ದು, ಆದ್ರ ತಂಪಂದ್ರ ತಂಪು — ತಂಪು? ಬಿಂದು ಗಾಜಿನಿಂದ ಕಣ್ಣು ಕಿತ್ತು ತಿರುಗುತ್ತಾಳೆ, ಮೂರು ಗೆರೆ, ಬೂದಿಯಂತೆ ಒಣಗಿ ಉದುರದ, ಬೆಣ್ಣೆಯಂತೆ ಮಿನುಗುವ ಮೂರು ಗೆರೆ, ಅಜ್ಜೀ, ಎಲ್ಲೀದು ಇದು, ಜಗಲಿ ಮ್ಯಾಲಿತ್ತಲ್ಲವ್ವಾ ಪೊಟ್ಟಣದಾಗ, ಈ ಊರಾಗ ನೀರು ಹಾಕಿ ಕಲಸಿದ್ದನ್ನೇ ಮಾರ್ತಾರೇನೋ ಅಂದ್ಕೊಂಡೆ, ಅಪ್ಪ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತಾರೆ, ಮಾಮಾ ನಗುತ್ತಾನೆ, ನಗಲಿ, ವಿಭೂತಿ ಬಟ್ಟಲ ಕೆಳಗೆ ಮಡಚಿಟ್ಟ ಪೊಟ್ಟಣ, ಖಾಲಿ, ಅಲ್ಲ, ಮೂಲೆಯ ಮಡಿಕೆಯಲ್ಲಿ ಉಳಿದಿದೆ, ಎಷ್ಟು, ಅಕ್ಕಿಕಾಳಿನಷ್ಟು. ಅಷ್ಟೇ ಸಾಕೆಂದಿದ್ದನಲ್ಲ ಅಣ್ಣಾಚಿ. ಫ್ಯಾನಿನ ಕೊಂಡಿ ಬಿಚ್ಚಿದಳು, ಪ್ರೊಸೆಸರಿನ ನೆತ್ತಿಗೆ ಹಚ್ಚಿದಳು, ಕೊಂಡಿ ಹಾಕಿದಳು, ಅಪ್ಪಾ ಇನ್ನೂ ದೀಪ ಹಚ್ಚಿಲ್ಲಲ್ಲ, ಇಲ್ಲವ್ವಾ, ಇನ್ನೂ ಹೊತ್ತೈತಿ, ಗುಂಡಿ ಒತ್ತಿದಳು, ಹತ್ತು, ಇಪ್ಪತ್ತು, ಅರವತ್ತು, ಫ್ಯಾನು ತಿರುಗುತ್ತದೆ, ನೂರು, ಊರ ಬೀಸುಕಲ್ಲಿನ ಗುರುಗುಡುವ ಶ್ರುತಿ ಹಿಡಿದು ತಿರುಗುತ್ತಲೇ ಇದೆ, ಮಾಮಾ ಎದ್ದು ಬಂದು ಬಗ್ಗಿ ನೋಡಿ, ಇಷ್ಟು ಮೆಮೊರಿ ನಮ್ಮ ಆಫೀಸಿನ್ಯಾಗೂ ಇಲ್ಲಲೇ, ಬಿಂದುವಿಗೆ ಕೇಳಿಸುತ್ತದೆ, ಕೇಳಿಸುವುದಿಲ್ಲ, ಪರದೆ ನೀಲಿಯಾಗುತ್ತದೆ, ನೀಲಿ ಬೆಳಕು ಕೋಣೆ ದಾಟಿ ಅಜ್ಜಿಯ ಮುಖ ಮುಟ್ಟುತ್ತದೆ, ಅಲ್ಲಿ ಮೂರು ಗೆರೆ, ಇನ್ನೂ ಆರದ ಮೂರು ಬಿಳಿ ಗೆರೆ.