ಜಗಲಿ ಏರಿದ ಪಾದ್ರಿ

ಎಲ್ಲಿಂದ ಶುರುಮಾಡಲಿ? ಪಾದ್ರಿಯ ಹುಟ್ಟಿನಿಂದ ಶುರುಮಾಡಿದರೆ ನೀವು ಆಕಳಿಸುತ್ತೀರಿ. ಅಂಜಿಕೆಯಿಂದ ಶುರುಮಾಡಿದರೆ ನಾನೇ ಪೆನ್ನು ಮುಚ್ಚಿಡುತ್ತೇನೆ. (ಮೊದಲ ಡ್ರಾಫ್ಟ್ ಹರಿದೆ. ಅದರಲ್ಲಿ ಪಾದ್ರಿ ಎಂಬ ಶಬ್ದವೇ ಇರಲಿಲ್ಲ, ಅಷ್ಟು ಜಾಣ ನಾನು.)

೧
ಬೆಟಗೇರಿಯ ಕಿರಾಣಿ ವ್ಯಾಪಾರಿ ವಿರೂಪಾಕ್ಷಪ್ಪನ ಮಗಳು ಶಾಂಭವಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ: ಈ ಸೀಮೆಯಲ್ಲೇ ಕಾವಿ ಉಟ್ಟು ಬದುಕಿ, ಕನ್ನಡದಲ್ಲಿ ಬರೆದ ಕ್ಯಾಥೊಲಿಕ್ ಚಿಂತಕ ಫಾದರ್ ಕಜೆತಾನ ಲೋಬೊ. (ಹುಡುಕಬೇಡಿ, ನಾನೇ ಹುಟ್ಟಿಸಿದವರು.) ಅವರ ವಿಚಾರದ ತಿರುಳು ಇಷ್ಟು: ಅಂಜಿಕೊಂಡು ಮಾಡಿದ ಪ್ರಾರ್ಥನೆಯನ್ನು ದೇವರು ಕೇಳಿಸಿಕೊಳ್ಳುತ್ತಾನೆ, ಅಂಜಿಕೊಂಡು ನುಂಗಿದ ಸತ್ಯವನ್ನು ಮಾತ್ರ ವಾಪಸು ಕೇಳುತ್ತಾನೆ.

ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಓಣ್ಯಾಗ ಒಂದ ಮಾತ ಎದ್ದರ ಸಾಕು, ಅವತ್ತ ನಿನ್ನ ಓದು ಬಂದ್ ನೋಡವಾ."

೨
ಮೇಜಿನ ಮೇಲಿದ್ದ ಫಾದರ್ ಫೋಟೋ ಅಜ್ಜಿ ಕಸ್ತೂರೆವ್ವನ ಕಣ್ಣಿಗೆ ಬಿತ್ತು. ಕಾವಿ, ಬಿಳಿ ಗಡ್ಡ. ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಕಟ್ಟು ಹಾಕಿಸಿ, ಗಾಜಿಗೆ ವಿಭೂತಿ ಹಚ್ಚಿ, ದೇವರ ಜಗಲಿಯ ಮೇಲೆ ಕೂರಿಸಿಬಿಟ್ಟಳು. ದಿನಾ ಲಿಂಗಪೂಜೆ ಮುಗಿದ ಮೇಲೆ ಅವರಿಗೂ ಒಂದು ಹೂವು.

"ಯಾವ ಮಠದ ಅಜ್ಜಾರವಾ ಇವರು? ಮುಖದಾಗ ಏನ ಕಳಾ ಐತಿ!"

"ದೂರದವರು, ಆಯಿ" ಎಂದಳು ಶಾಂಭವಿ. ಗಡ್ಡದ ಕೆಳಗೆ ಪುಟ್ಟ ಶಿಲುಬೆ ಕಾಣುತ್ತಿತ್ತು. ಆಕೆಗೆ ಭಯವಾಯಿತು. ಓದು ನಿಲ್ಲುವ ಭಯ, ಅಜ್ಜಿಯ ಮುಖ ಬಾಡುವ ಭಯ, ಇನ್ನೂ ಹೆಸರಿಲ್ಲದ ಒಂದು ಭಯ.

೪
(ಮೂರನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ಓಣಿಯ ವಾಟ್ಸಾಪ್ ಗ್ರೂಪ್ ಇತ್ತು, ಮತಾಂತರವೆಂಬ ಮಾತಿತ್ತು, ಕಲ್ಲೂ ಇತ್ತು.)

ನಾಳೆ ಶ್ರಾವಣದ ಪಾದಪೂಜೆ. ಲಕ್ಷ್ಮೇಶ್ವರದ ಕಡೆಯ ಸ್ವಾಮಿಗಳು ಮನೆಗೆ ಬರುತ್ತಾರೆ, ಹಿಂದೆ ಇಡೀ ಓಣಿ. ಬಂದವರು ಮೊದಲು ನೋಡುವುದೇ ಜಗಲಿಯನ್ನು.

ಶಾಂಭವಿ ನನ್ನ ಮೇಲೆ ಹರಿಹಾಯ್ದಳು: "ಫೋಟೋ ಬಿದ್ದು ಒಡೀತು ಅಂತ ಬರದ್ಬಿಡ್ರಿ ಸರ್. ಒಂದ ಸಾಲು."

"ನೀವೇ ತೆಗೆಯಬಹುದಲ್ಲ?"

"ಆಯಿ ಯಾಕಂತ ಕೇಳ್ತಾಳ. ನನಗ ಹೇಳಾಕ ಅಂಜಿಕಿ."

"ಹಾಗಾದರೆ ಫಾದರ್ ಹೇಳಿದ್ದು?"

"ಅದನ್ನ ನೀವರ ಎಲ್ಲಿ ಕೇಳೀರಿ? ಮೂರನೇದ್ದು ಯಾಕ ನುಂಗಿದ್ರಿ?"

ಖರೆ. ಹೊಸ ಹಾಳೆ ತೆಗೆದು ಐದು ಎಂದು ಬರೆದೆ.

೫, ಒಂದು ಮುಕ್ತಾಯ
ಗಾಜು ಒಡೆಯಿತು. ಎಲ್ಲರೂ ಪಾರು. ಅಜ್ಜಿ ಮಾತ್ರ ಅಪಶಕುನವೆಂದು ಅತ್ತಳು. (ಈ ಮುಕ್ತಾಯವನ್ನು ಗೀಟೆಳೆದು ಹೊಡೆದುಹಾಕಿದೆ.)

೫, ಇನ್ನೊಂದು
ಸ್ವಾಮಿಗಳು ನಕ್ಕು, ಎಲ್ಲ ದೇವರೂ ಒಂದೇ ಎಂದರು. (ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ನನಗೇ ನಂಬಿಕೆ ಬರಲಿಲ್ಲ.)

೫
ಪಾದಪೂಜೆ ಮುಗಿಯಿತು. ಸ್ವಾಮಿಗಳ ಕಣ್ಣು ಜಗಲಿಯ ಮೇಲೆ ನಿಂತಿತು.

"ಇವರು ಯಾರವಾ?"

ಪಡಸಾಲೆ ತುಂಬ ಜನ. ಯಾರೋ ಮೊಬೈಲ್ ಎತ್ತಿ ಹಿಡಿದರು. ವಿರೂಪಾಕ್ಷಪ್ಪ ಮಗಳನ್ನು ನೋಡಿದ. ಅಜ್ಜಿ ಹೆಮ್ಮೆಯಿಂದ, "ನಮ್ಮ ಹುಡುಗಿ ಗುರುಗೋಳ್ರಿ ಎಪ್ಪಾ. ಹೇಳವಾ ಶಾಂಭವಿ, ಅವರ ಹೆಸರ ಹೇಳು" ಎಂದಳು.

ಶಾಂಭವಿ ಬಾಯಿ ತೆರೆದಳು. ನಾನು ಪೆನ್ನು ಕೆಳಗಿಟ್ಟೆ.

ಹೆಸರು ಆಕೆಗೆ ಗೊತ್ತು, ನನಗೆ ಗೊತ್ತು. ಈಗ ನಿಮಗೂ ಗೊತ್ತು. ನೀವೂ ಅದೇ ಪಡಸಾಲೆಯಲ್ಲಿ ನಿಂತಿದ್ದೀರಿ. ಬೇಕಿದ್ದರೆ ನೀವೇ ಹೇಳಿ, ಎಲ್ಲರಿಗೂ ಕೇಳುವ ಹಾಗೆ.

ಯಾಕೆ, ಸುಮ್ಮನಾದಿರಿ?