ದಾರಿ ಕೇಳಿದವರು

ಲಿಫ್ಟು ಬೆಳಗ್ಗೆಯಿಂದ ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಹಾಗಾಗಿ ನರ್ಗಿಸ್ ವಸತಿಗೃಹದ ಮ್ಯಾನೇಜರ್ ಇಗ್ಲಾಲ್ ಐದು ಮಹಡಿ ಮೆಟ್ಟಿಲಿಳಿದು, ಏದುಸಿರು ಬಿಡುತ್ತ, ಕೈಯಲ್ಲಿ ಫೋನು ಹಿಡಿದು ಕೆಳಗೆ ಬಂದಳು. ಕಟ್ಟಡದ ಬಾಗಿಲು ಕಾಯುವ ಶಾಜ್ಲಿ ತನ್ನ ಬೆಂಚಿನ ಮೇಲೆ ಕೂತು ಬೇಯಿಸಿದ ಫೂಲ್ ಕಾಳಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದ.

"ಬರ್ರಿ ಮೇಡಂ, ಎರಡು ತುತ್ತು ತಿನ್ನಬರ್ರಿ," ಅಂದ.

"ನನ್ನದಾಯ್ತು ಕಾಕಾ. ನೀನು ಮೊದಲು ನುಂಗು. ಇದನ್ನ ಓದಿದ್ರೆ ಗಂಟಲಲ್ಲಿ ಸಿಕ್ಕೊಳ್ಳತ್ತೆ."

ಶಾಜ್ಲಿಗೆ ಅರ್ಥವಾಯಿತು. ಇಲ್ಲಿ ಉಳಿದು ಹೋದವರು ತಮ್ಮ ದೇಶಕ್ಕೆ ಮರಳಿದ ಮೇಲೆ ಫೋನಿನಲ್ಲಿ ಏನೇನೋ ಬರೆಯುತ್ತಾರೆ. ಅದನ್ನು ಓದಿ ಮುಂದಿನವರು ಬರುತ್ತಾರೆ, ಇಲ್ಲವೇ ಬರುವುದಿಲ್ಲ. ಅವನಿಗೆ ಓದು ಬಾರದು. ಇಗ್ಲಾಲ್ ವಾರಕ್ಕೊಮ್ಮೆ ಇಳಿದು ಬಂದು ಓದಿ ಹೇಳುತ್ತಿದ್ದಳು. ಮೊದಮೊದಲು ಇಬ್ಬರಿಗೂ ಅದೊಂದು ತಮಾಷೆ. ಕೈರೋದಲ್ಲಿ ಬ್ರೇಕಿನ ಕೆಲಸವನ್ನೂ ಹಾರ್ನೇ ಮಾಡುತ್ತದೆ ಎಂದು ಒಬ್ಬ ಜರ್ಮನ್ ಬರೆದಿದ್ದ. ಒಬ್ಬಳು ಹುಡುಗಿ ರಸ್ತೆ ದಾಟಲಾಗದೆ ಇಪ್ಪತ್ತು ನಿಮಿಷ ನಿಂತಿದ್ದಳಂತೆ. ಕೊನೆಗೆ ಯಾರೋ ಮುದುಕಿ ತನ್ನ ತರಕಾರಿ ಚೀಲವನ್ನು ಇವಳ ಕೈಗೆ ಕೊಟ್ಟು, ಇವಳ ಮೊಣಕೈ ಹಿಡಿದು, ಬಸ್ಸುಗಳಿಗೆ ಬೈಯುತ್ತ ದಾಟಿಸಿದಳು. ಆಚೆ ಬದಿಯಲ್ಲಿ ಚೀಲ ವಾಪಸು ತೆಗೆದುಕೊಂಡು ಒಂದು ಸೌತೆಕಾಯಿ ಕೊಟ್ಟು ಹೋದಳು. ಇನ್ನೊಬ್ಬನ ಹಾಸಿಗೆಯಲ್ಲಿ ಅವನಿಗಿಂತ ಮೊದಲೇ ಒಂದು ಬೆಕ್ಕು ಮಲಗಿತ್ತು. ಅದು ಬಾಡಿಗೆ ಕೊಟ್ಟಿದೆಯೇ ಎಂದು ಅವನ ಪ್ರಶ್ನೆ.

ಈ ಸಲ ಇಗ್ಲಾಲ್ ನಗಲಿಲ್ಲ.

"'ಬಾಗಿಲಲ್ಲಿ ಉದ್ದ ನಿಲುವಂಗಿ ತೊಟ್ಟ ಒಬ್ಬ ಹಿರಿಯರಿದ್ದಾರೆ,'" ಎಂದು ಓದಿದಳು. "'ಇಂಗ್ಲಿಷ್ ಪುಸ್ತಕದಂಗಡಿ ಎಲ್ಲಿ ಎಂದು ಕೇಳಿದೆವು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ ಎಡಕ್ಕೆ ಕಳಿಸಿದರು. ಎಡಕ್ಕೆ ಬರೀ ಟೈರಿನಂಗಡಿಗಳು. ಅಲ್ಲಿ ಕೇಳಿದರೆ ಅವರೂ ಪ್ರೀತಿಯಿಂದ ಇನ್ನೆಲ್ಲಿಗೋ ಕಳಿಸಿದರು. ಏಳು ಜನ, ಏಳು ದಿಕ್ಕು. ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನಲು ಬರುವುದಿಲ್ಲ.' ಐದಕ್ಕೆ ಎರಡು ನಕ್ಷತ್ರ."

"ಅವ್ರನ್ನ ಚಹಾಕ್ಕ ಕರ್ದಿದ್ದೆನಲ್ಲ. ಅದನ್ನ ಬರ್ದಿಲ್ಲೇನು?"

"ಬರ್ದಿದಾರೆ. ಎರಡ್ರಲ್ಲಿ ಒಂದು ನಕ್ಷತ್ರ ಅದಕ್ಕೇ ಇರ್ಬೇಕು." ಇಗ್ಲಾಲ್ ಬೆಂಚಿನ ತುದಿಯಲ್ಲಿ ಕೂತಳು. "ಕಾಕಾ, ಈ ತಿಂಗಳಲ್ಲಿ ಇದು ಮೂರನೇ ದೂರು. ಹೈಥಮ್ ಫೋನ್ ಮಾಡಿದ್ದ."

ಹೈಥಮ್ ಈಗಿನ ಯಜಮಾನ. ಅಪ್ಪ ತೀರಿಕೊಂಡ ಮೇಲೆ ವಸತಿಗೃಹವೂ ಕಟ್ಟಡವೂ ಅವನ ಕೈಗೆ ಬಂದಿದ್ದವು. ಮರಳುಗಾಡಿನಂಚಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ. ಅಲ್ಲಿನ ಕಟ್ಟಡಗಳಿಗೆಲ್ಲ ಗಾಜಿನ ಬಾಗಿಲು. ಅಂಕೆ ಒತ್ತಿದರೆ ತೆರೆಯುತ್ತದೆ. ಇಲ್ಲಿಗೂ ಅದೇ ಸಾಕು, ಕಾವಲಿನವನು ಯಾಕೆ ಎಂಬುದು ಅವನ ಲೆಕ್ಕಾಚಾರ.

"ಶನಿವಾರ ಅಳತೆಗೆ ಜನ ಬರ್ತಾರೆ ಅಂದ. ಮೆಟ್ಟಿಲ ಕೆಳಗಿನ ನಿನ್ನ ಕೋಣೇಲಿ ಲಗೇಜು ಇಡ್ಬಹುದು ಅಂದ. ಕಾಕಾ ಬದಲಾಗ್ತಾನೆ, ಈ ವಾರ ನೋಡು ಅಂದೆ. 'ಇನ್ನೊಂದು ದೂರು ಬಂದ್ರೆ ಮುಗೀತು' ಅಂತ ಫೋನಿಟ್ಟ."

ಶಾಜ್ಲಿ ರೊಟ್ಟಿ ಕೆಳಗಿಟ್ಟ. ಇಪ್ಪತ್ತಾರು ವರ್ಷ ಈ ಬೆಂಚಿನ ಮೇಲೆ ಕೂತಿದ್ದಾನೆ. ದೇಶದ ದಕ್ಷಿಣದಲ್ಲಿ, ಎಸ್ನಾ ಹತ್ತಿರದ ಊರಲ್ಲಿದ್ದ ಮನೆ ಹೆಂಡತಿ ಸತ್ತ ಮೇಲೆ ತಮ್ಮನ ಮಕ್ಕಳ ಪಾಲಾಗಿತ್ತು. ಮೆಟ್ಟಿಲ ಕೆಳಗಿನ ಕೋಣೆ ಬಿಟ್ಟರೆ ಅವನಿಗೆ ಮಲಗಲು ಜಾಗವಿರಲಿಲ್ಲ.

"ಗೊತ್ತಿಲ್ಲ ಅನ್ನೋದನ್ನ ಕಲಿ," ಇಗ್ಲಾಲ್ ಹೇಳಿದಳು. "ಗೊತ್ತಿದ್ರೆ ದಾರಿ ತೋರ್ಸು. ಇಲ್ದಿದ್ರೆ ಗೊತ್ತಿಲ್ಲ ಅಂದು ಮೇಲೆ ನನ್ನ ಹತ್ರ ಕಳ್ಸು."

"ಬಾಗಿಲಿಗೆ ಬಂದವ್ರಿಗೆ ಹಂಗ ಅನ್ನೂದು ಹೆಂಗ ಮೇಡಂ? ನಮ್ಮೂರಾಗ ದಾರಿ ಕೇಳಿದವ್ನಿಗೆ ಗೊತ್ತಿಲ್ಲ ಅಂದ್ರ, ಹಸದು ಬಂದವ್ನಿಗೆ ಮನ್ಯಾಗ ರೊಟ್ಟಿ ಇಲ್ಲ ಅಂದಂಗ."

"ರೊಟ್ಟಿ ಇಲ್ದಿದ್ರೆ ಖಾಲಿ ತಟ್ಟೆ ಬಡಿಸ್ತೀಯಾ?"

ಶಾಜ್ಲಿ ಕೆಳಗಿಟ್ಟ ರೊಟ್ಟಿಯನ್ನು ಮತ್ತೆ ಎತ್ತಿಕೊಂಡ.

ಪಕ್ಕದ ಕಬ್ಬಿನ ಹಾಲಿನ ಅಂಗಡಿಯ ಫತ್ತೂಹ್ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ಕೈರೋದಲ್ಲೇ ಹುಟ್ಟಿದವನು. ದಕ್ಷಿಣದವರನ್ನು ಗೇಲಿ ಮಾಡುವುದೆಂದರೆ ಅವನಿಗೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಮಧ್ಯಾಹ್ನ ಹಾಲು ಸೋಸುವ ಜರಡಿಯನ್ನು ಟೋಪಿಯಂತೆ ತಲೆಗಿಟ್ಟುಕೊಂಡು ಬಂದು ನಿಂತ.

"ನಾನು ವಿದೇಶಿ. ಏನಪ್ಪಾ ಯಜಮಾನ, ಮೃಗಾಲಯ ಎಲ್ಲಿ?"

"ಗೀಜಾದಾಗ. ಮೆಟ್ರೋ ಹಿಡೀರಿ."

"ಸರಿ, ಅದು ನಿಂಗೊತ್ತು. ಚಂದ್ರಲೋಕಕ್ಕೆ ಹೋಗೋ ಬಸ್ಸು ಎಲ್ಲಿ ಸಿಗತ್ತೆ?"

ಶಾಜ್ಲಿ ಬಾಯಿ ತೆರೆದ. ಬಲಗೈ ತಾನಾಗಿಯೇ ಮೇಲೆದ್ದಿತು. "ರಾಮ್ಸೆಸ್ ನಿಲ್ದಾಣದಾಗ ಒಮ್ಮೆ ಕೇಳಿ ನೋಡ್ರಿ," ಅಂದ.

ಫತ್ತೂಹ್ ಜರಡಿ ತೆಗೆದು ಅದರಿಂದಲೇ ತನ್ನ ತೊಡೆಗೆ ಬಡಿದುಕೊಂಡ. "ಗಾಜಿನ ಬಾಗಿಲು ಬರಲಿ ಮಾರಾಯ! ಬಾಗಿಲಾದ್ರೂ ಬಾಯಿ ಮುಚ್ಕೊಂಡಿರತ್ತೆ!"

ಗುರುವಾರ ಬೆಳಗ್ಗೆ ಏಳನೇ ಕೋಣೆಯ ಡನೂತಾ ಗೋಡೆ ಹಿಡಿದು ಕುಂಟುತ್ತ ಇಳಿದು ಬಂದಳು. ಎಪ್ಪತ್ತು ದಾಟಿದ ಪೋಲಿಷ್ ಹೆಂಗಸು. ಪ್ರಾಯದಲ್ಲಿ ಎರಡು ವರ್ಷ ಇದೇ ದೇಶದ ಮಿನ್ಯಾದ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಅರಬ್ಬಿ ಇನ್ನೂ ಪೂರ್ತಿ ಮರೆತಿರಲಿಲ್ಲ. ಬಂದು ಮೂರು ವಾರವಾಗಿತ್ತು. ದಿನವೂ ಸಂಜೆ ಸುತ್ತಾಟ ಮುಗಿಸಿ ಬಂದು ಶಾಜ್ಲಿಯ ಬೆಂಚಿನಲ್ಲಿ ಕೂತು ಅಂದು ಕಂಡದ್ದನ್ನೆಲ್ಲ ವರದಿ ಮಾಡುತ್ತಿದ್ದಳು. "ಇಲ್ಲಿ ಇಬ್ಬರು ಜಗಳ. ಇಪ್ಪತ್ತು ಜನ ಬಿಡಿಸೋದು. ಆಮೇಲೆ ಇಪ್ಪತ್ತು ಜನ ಜಗಳ, ಆ ಇಬ್ಬರು ಬಿಡಿಸೋದು!" ಎಂದು ನಿನ್ನೆ ನಕ್ಕಿದ್ದಳು.

ಅವಳ ಎಡಗಾಲು ಬಲಗಾಲಿಗಿಂತ ಗಿಡ್ಡ. ಆ ಕಾಲಿನ ಬೂಟಿಗೆ ನಾಲ್ಕು ಬೆರಳು ದಪ್ಪದ ಅಟ್ಟೆ. ಈಗ ಬೂಟೂ ಕಿತ್ತುಬಂದ ಅಟ್ಟೆಯೂ ಒಂದೇ ಕೈಯಲ್ಲಿದ್ದವು.

"ನಿಮ್ಮ ಊರಿನ ಕಾಲುದಾರಿ ಇದನ್ನು ತಿಂದಿತು," ಅಂದಳು. "ಬೇರೆ ಬೂಟು ಇಲ್ಲ. ಇಂಥದ್ದು ಹೊಲಿಯುವವನು ಎಲ್ಲಿ? ದೂರ ಇದ್ದರೂ ನಡೆದು ಹೋಗ್ತೀನಿ."

ಅಬ್ದೀನ್ ಕಡೆ ಕೂತಿರುವ ಚಮ್ಮಾರ ಶಾಜ್ಲಿಗೆ ಗೊತ್ತಿತ್ತು. ಆದರೆ ಅವನು ಚಪ್ಪಲಿಗೆ ಮೊಳೆ ಹೊಡೆಯುವವನು. ಇಂಥ ಅಟ್ಟೆಯನ್ನು ಕಣ್ಣಲ್ಲೂ ಕಂಡಿರಲಿಕ್ಕಿಲ್ಲ. ಆದರೂ ಕೈ ಎದ್ದಿತು, ಎಡಕ್ಕೆ ಹೋಗ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಡನೂತಾ ಆಗಲೇ ಎಡಕ್ಕೆ ತಿರುಗಿ, ಗೋಡೆಗೆ ಅಂಗೈಯೂರಿ, ಕಾಲ್ಚೀಲದ ಪಾದವನ್ನು ಹೊಸ್ತಿಲಾಚೆ ಇಡುತ್ತಿದ್ದಳು. ಆ ಪಾದ ನೆಲ ಮುಟ್ಟಿದಾಗ ಇಡೀ ದೇಹ ಒಂದು ಕಡೆಗೆ ವಾಲಿತು. ಅವಳು ಹಲ್ಲು ಕಚ್ಚಿದ್ದು ಶಾಜ್ಲಿಗೆ ಕಾಣಿಸಿತು.

ಪುಸ್ತಕದಂಗಡಿ ಹುಡುಕಿದವರು ಎಷ್ಟು ನಡೆದಿರಬಹುದು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಅವರು ತಿರುವು ದಾಟಿದ ಮೇಲೆ ಅವನ ಪಾಲಿಗೆ ಕೆಲಸ ಮುಗಿದಿರುತ್ತಿತ್ತು.

"ಗೊತ್ತಿಲ್ಲ," ಅಂದ.

ಕಬ್ಬಿನ ಗಾಣದ ಹತ್ತಿರ ಫತ್ತೂಹ್‌ನ ಕೈ ನಿಂತಿತು. ಡನೂತಾ ಮಾತ್ರ ಏನೂ ಆಗದವಳಂತೆ ತಲೆಯಾಡಿಸಿ ಬೆಂಚಿನ ಮೇಲೆ ಕೂತಳು. "ಸರಿ. ಹಾಗಾದರೆ ಏನು ಮಾಡೋದು?"

ಗೊತ್ತಿಲ್ಲ ಎಂದ ಮೇಲೂ ಒಂದು ಪ್ರಶ್ನೆ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. "ಕೊಡ್ರಿ ಇಲ್ಲೆ," ಎಂದು ಬೂಟನ್ನೂ ಅಟ್ಟೆಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡ. "ನೀವು ಇಲ್ಲೇ ಕುಂತಿರ್ರಿ. ನಾ ಹುಡುಕಿ ಬರ್ತೀನಿ."

"ಏಯ್, ಹುಚ್ಚು ಹಿಡೀತಾ?" ಫತ್ತೂಹ್ ಕೂಗಿದ. "ಇವತ್ತು ಹೈಥಮ್ ಬರ್ತಾನಂತೆ! ಖಾಲಿ ಬೆಂಚು ನೋಡಿದ್ರೆ ಶನಿವಾರದವರೆಗೂ ಕಾಯಲ್ಲ!"

"ಬೆಂಚ ಖಾಲಿ ಎಲ್ಲೈತಿ? ಮೇಡಂ ಕುಂತಾರಲ್ಲ," ಎಂದು ಶಾಜ್ಲಿ ಹೊರಟ.

ಅಬ್ದೀನಿನ ಚಮ್ಮಾರ ಬೂಟನ್ನು ತಿರುಗಿಸಿ ನೋಡಿ ಬಾಬ್ ಅಲ್-ಲೂಕ್ ಕಡೆ ಕಳಿಸಿದ. ಅಲ್ಲಿ ತೋರಿಸಿದ ಅಂಗಡಿಯಲ್ಲಿ ಹಕ್ಕಿಯ ಪಂಜರ ಮಾರುತ್ತಿದ್ದರು. ಪಂಜರದವನು ಎದ್ದು ನಿಂತು, ರಸ್ತೆಯವರೆಗೂ ಬಂದು, ಅತಬಾದಲ್ಲಿ ಅಗ್ನಿಶಾಮಕ ಠಾಣೆಯ ಹಿಂದೆ ಒಬ್ಬ ನಿಪುಣನಿದ್ದಾನೆ ಎಂದ. ಠಾಣೆಯ ಹಿಂದೆ ಗೋಡೆ ಇತ್ತು. ಗೋಡೆಯ ಬುಡದಲ್ಲಿ ಕೂತಿದ್ದ ಸಾಕ್ಸು ಮಾರುವವನು ಬಾಬ್ ಅಶ್-ಶಅರಿಯಾಕ್ಕೆ ಹೋಗು ಎಂದ. ಅಲ್ಲೊಬ್ಬ ಮೊದಲು ಚಹಾ ಕುಡಿಸಿ, ಆಮೇಲೆ ಬಂದ ದಾರಿಯಲ್ಲೇ ವಾಪಸು ಕಳಿಸಿದ.

ಹತ್ತೂವರೆ ಹೊತ್ತಿಗೆ ಶಾಜ್ಲಿಯ ಮಂಡಿ ಕಳಚಿದಂತಾಗಿತ್ತು. ಗಡಿಯಾರದಂಗಡಿಯ ಮುಂದೆ ನಿಂತಿದ್ದ ಕೊನೆಯವನು "ಹಾಜಿ, ನೇರ ಹೋಗಿ ಬಲಕ್ಕೆ" ಎಂದಾಗ ಅವನಿಗೆ ತಡೆಯಲಾಗಲಿಲ್ಲ.

"ನಿಂಗ ಖರೇನ ಗೊತ್ತೈತೇನು?"

"ಇದೇನ್ ಮಾತು ಹಾಜಿ? ಗೊತ್ತಿಲ್ದೆ ಹೇಳ್ತೀನಾ?" ಅವನು ಎದೆಯ ಮೇಲೆ ಕೈಯಿಟ್ಟ.

ಆ ಕೈಯನ್ನು ನೋಡಿ ಶಾಜ್ಲಿ ಬಲಕ್ಕೆ ಹೋಗಲಿಲ್ಲ. ಅಲ್ಲೇ ಬಾಗಿಲಲ್ಲಿ ಊರುಗೋಲು ಹಿಡಿದು ಕೂತಿದ್ದ ಇನ್ನೊಬ್ಬನನ್ನು ಕಂಡ. ಅವನ ಬೂಟಿನ ಅಟ್ಟೆಯೂ ದಪ್ಪವಿತ್ತು. ಇದು ಮೊದಲೇ ಹೊಳೆಯಬೇಕಿತ್ತು; ಕುಂಟನ ಬೂಟಿನ ವಿಷಯ ಕುಂಟನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಚೀಲದ ಬೂಟು ತೋರಿಸಿದಾಗ ಅವನು ಮಾತಾಡದೆ ಎದ್ದು, ಊರುಗೋಲು ಕುಟ್ಟುತ್ತ ಎರಡು ಗಲ್ಲಿ ದಾಟಿಸಿ, ಫಗ್ಗಾಲಾದಲ್ಲಿ ಬರ್ಸೂಮ್ ಎಂಬ ಮುದುಕನ ಮಳಿಗೆಯ ಮುಂದೆ ನಿಲ್ಲಿಸಿದ. ಬರ್ಸೂಮ್ ಅಟ್ಟೆಯನ್ನು ಮೂಸಿ ನೋಡಿ, "ಒಳ್ಳೇ ಕೆಲಸ. ಗೋಂದು ಮಾತ್ರ ದರಿದ್ರ," ಎಂದು ಸೂಜಿ ತೆಗೆದ.

ಶಾಜ್ಲಿ ತನ್ನ ಬೀದಿಗೆ ಮರಳುವಾಗ ಒಂದು ಗಂಟೆ ಹೊಡೆದಿತ್ತು. ಹೈಥಮ್‌ನ ಬಿಳಿ ಕಾರು ಕಬ್ಬಿನಂಗಡಿಯ ಮುಂದೆ ನಿಂತಿತ್ತು. ಇಷ್ಟು ಹೊತ್ತಿನ ಮೇಲೆ ಏನು ಸಬೂಬು ಹೇಳಿದರೂ ನಡೆಯುವುದಿಲ್ಲ ಎಂದುಕೊಂಡು ಶಾಜ್ಲಿ ಹೆಜ್ಜೆ ನಿಧಾನ ಮಾಡಿದ.

ಬಾಗಿಲಲ್ಲಿ ಡನೂತಾ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮೂರು ಕೋಣೆಗಳ ಕೀಲಿ, ಪಕ್ಕದಲ್ಲಿ ಯಾರದೋ ಪಾರ್ಸೆಲ್, ಒಂದು ಗ್ಯಾಸ್ ಸಿಲಿಂಡರ್. ಅವಳ ಎದುರು ಹೈಥಮ್ ಅಂಗಿಯ ತೋಳು ಮಡಚಿ ಬೆವರುತ್ತ ನಿಂತಿದ್ದ. ಇನ್ನೊಂದು ಸಿಲಿಂಡರನ್ನು ಅವನೇ ಎರಡನೇ ಮಹಡಿಗೆ ಹೊತ್ತು ಇಳಿದಿದ್ದನೆಂದು ಆಮೇಲೆ ತಿಳಿಯಿತು. ಇಗ್ಲಾಲ್ ಒಳಗಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದಳು.

ಹೈಥಮ್‌ನ ಮುಂದೆ ಹೊಸದಾಗಿ ಬಂದ ಇಬ್ಬರು ಅತಿಥಿಗಳು, ಗಂಡ ಹೆಂಡಿರಿರಬೇಕು, ಕೊಳೆಬಟ್ಟೆಯ ಚೀಲ ಹಿಡಿದು ಏನೋ ಕೇಳುತ್ತಿದ್ದರು. ಲಾಂಡ್ರಿ ಎಂಬ ಮಾತು ಶಾಜ್ಲಿಗೆ ಗೊತ್ತಿತ್ತು. ಮೇಲಿನವರು ದಿನಾ ಅದನ್ನೇ ಕೇಳುತ್ತಿದ್ದರು. ಹೈಥಮ್ ಒಂದು ಕ್ಷಣ ಬೀದಿಯ ಆ ತುದಿ ಈ ತುದಿ ನೋಡಿದ. ನಂತರ ನಗುತ್ತ, ಬಲಗೈ ಎತ್ತಿ, ಎರಡನೇ ಗಲ್ಲಿ ಎಂದು ಎರಡು ಬೆರಳು ತೋರಿಸಿ, ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸಿದ.

ಶಾಜ್ಲಿ ಈಗ ಬಂದದ್ದೇ ಆ ಗಲ್ಲಿಯಿಂದ. ಅಲ್ಲಿ ಕೊಳವೆಗೆಂದು ಆಳುದ್ದ ಅಗೆದಿದ್ದರು. ಹಲಗೆಯ ಮೇಲೆ ದಾಟಿದರೆ ಸಿಗುವುದು ಕಟ್ಟಿಗೆಯ ಗೋದಾಮು.

ಆ ಇಬ್ಬರು ಧನ್ಯವಾದ ಹೇಳಿ ಅವನ ಕಡೆಗೇ ಬಂದರು. ಸುಮ್ಮನಿದ್ದುಬಿಟ್ಟರೆ ಆಗಿತ್ತು. ಯಜಮಾನನ ಮಾತು, ಯಜಮಾನನ ಅತಿಥಿಗಳು. ಅಡ್ಡ ನಿಂತರೆ ಇಡೀ ಬೀದಿಯ ಎದುರು ಅವನ ಮುಖಕ್ಕೆ ಮಸಿ. ಶನಿವಾರದವರೆಗೂ ಕಾಯದೆ ಆ ನಿಮಿಷಕ್ಕೇ ಕೆಲಸ ಹೋಗುತ್ತದೆ. ಶಾಜ್ಲಿ ಬದಿಗೆ ಸರಿದು ದಾರಿ ಬಿಟ್ಟ. ಅವರು ನಾಲ್ಕು ಹೆಜ್ಜೆ ಮುಂದೆ ಹೋದರು. ಹೆಂಗಸು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು.

"ನೋ," ಎಂದು ಶಾಜ್ಲಿ ಕೂಗಿದ. "ನೋ ಲಾಂಡ್ರಿ ಅಲ್ಲೆ. ಬರ್ರಿ ಹಿಂದಕ್ಕ." ಅವರನ್ನು ಕರೆತಂದು, ಹೈಥಮ್‌ನ ಮುಂದೆಯೇ ಹಾಯ್ದು, ಎದುರು ಬದಿಯ ಔಷಧದಂಗಡಿಯ ಪಕ್ಕದ ಓಣಿಯಲ್ಲಿ ಉಗಿ ಬರುತ್ತಿದ್ದ ಇಸ್ತ್ರಿಯಂಗಡಿಯನ್ನು ತೋರಿಸಿ ಬಂದ.

ಫತ್ತೂಹ್ ಅಂಗಡಿಯೊಳಗೆ ಬಗ್ಗಿ ಏನೋ ಹುಡುಕುವವನಂತೆ ನಟಿಸುತ್ತ ಭುಜ ಕುಲುಕಿಸಿ ನಗುತ್ತಿದ್ದ.

"ಆ ಗಲ್ಲೀಲಿ ಹಸಿರು ಬೋರ್ಡು ಬೇರೆ ಇದೆ ಅಂತ ಅವ್ರಿಗೆ ಹೇಳಿದ್ರಲ್ಲ, ಉಸ್ತಾದ್," ಇಗ್ಲಾಲ್ ಮೆಟ್ಟಿಲ ಮೇಲಿಂದ ಮೆಲ್ಲಗೆ ಹೇಳಿದಳು.

ಹೈಥಮ್ ಕಿವಿಯವರೆಗೆ ಕೆಂಪಾದ. "ಮೊದಲು ಅಲ್ಲೇ ಎಲ್ಲೋ ಇತ್ತು," ಅಂದ. ಅವನು ಶಾಜ್ಲಿಯ ಕೈಯಲ್ಲಿದ್ದ ಚೀಲ ನೋಡಿದ. "ಮೂರೂವರೆ ಗಂಟೆ ಒಂದು ಬೂಟಿಗಾ, ಕಾಕಾ?"

"ಹೌದ್ರಿ. ನಂಗ ಜಾಗ ಗೊತ್ತಿರ್ಲಿಲ್ಲ. ಕೇಳ್ಕೋತ ಹೋದೆ."

"ಕೇಳಿದ್ರೆ ಜನ ಹೇಳಲ್ವಾ?"

"ಎಲ್ಲಾರೂ ಹೇಳಿದ್ರು ಸಾಹೇಬ್ರ. ಅದಕ್ಕ ತಡ ಆತು."

ಡನೂತಾ ಜೋರಾಗಿ ನಕ್ಕಳು. ಹೈಥಮ್ ನಗಲಿಲ್ಲ, ಬೈಯಲೂ ಇಲ್ಲ. ಮಡಚಿದ ತೋಳು ಬಿಚ್ಚಿ ಗುಂಡಿ ಹಾಕಿಕೊಂಡು ಕಾರಿನ ಕಡೆ ಹೊರಟ. ಕೇಳದೇ ಬಿಟ್ಟರೆ ಎರಡು ದಿನ ನಿದ್ದೆ ಬರುವುದಿಲ್ಲವೆಂದು ಶಾಜ್ಲಿ ಹಿಂದೆಯೇ ಹೋದ.

"ಬಾಗಿಲದವ್ರು ಶನಿವಾರ ಎಷ್ಟೊತ್ತಿಗೆ ಬರ್ತಾರ್ರಿ? ಖೋಲಿ ಖಾಲಿ ಮಾಡಿ ಇಡಬೇಕಲ್ಲ."

ಹೈಥಮ್ ಕಾರಿನ ಕೀಲಿಯನ್ನೇ ನೋಡುತ್ತ, "ಬರ್ತಾರೆ, ಬರ್ತಾರೆ. ಇನ್ಶಾ ಅಲ್ಲಾ," ಅಂದ.

ಈ ಊರಿನಲ್ಲಿ ಒಬ್ಬ ಮನುಷ್ಯ ಮುಖ ನೋಡದೆ ಹಾಗೆಂದರೆ ಆ ಕೆಲಸ ಆಗುವುದಿಲ್ಲವೆಂದೇ ಅರ್ಥ. ಫತ್ತೂಹ್ ಅಂಗಡಿಯಿಂದ ಹೊರಬಂದು, ಕೇಳದಿದ್ದರೂ ಒಂದು ದೊಡ್ಡ ಲೋಟ ಕಬ್ಬಿನ ಹಾಲು ತಂದು ಬೆಂಚಿನ ಮೇಲಿಟ್ಟ. "ಕುಡಿ, ಮಂಡಿ ಗಟ್ಟಿಯಾಗತ್ತೆ," ಅಂದ.

ಡನೂತಾ ಬೂಟು ತೊಟ್ಟು, ದಾರ ಬಿಗಿದು, ಎದ್ದು ನಾಲ್ಕು ಹೆಜ್ಜೆ ಹಾಕಿ ಮರಳಿದಳು. ಮುಖ ಕಿವುಚಿ, "ಮೊದಲಿಗಿಂತ ಅರ್ಧ ಬೆರಳು ಎತ್ತರ ಮಾಡಿದ್ದಾನೆ," ಅಂದಳು.

"ಸವೀತೈತಿ ಬಿಡ್ರಿ," ಶಾಜ್ಲಿ ಲೋಟ ಎತ್ತಿಕೊಂಡ. "ಈ ಊರ ಕಲ್ಲಿನ ಮ್ಯಾಲ ನಾಕು ದಿನ ಅಡ್ಡಾಡ್ರಿ."